ಗೇಣುದ್ದವೂ ಇಲ್ಲದ ರೋಬೊ ಮತ್ತು ನಮ್ಮ ಮನೆಯ ಪೊರಕೆ

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮಗ ನಮ್ಮ ವೀರನಹೊಸಹಳ್ಳಿಗೆ ಬಂದಿದ್ದ. ಅವನ ತಂದೆಯ ಉದ್ಯೋಗದ ನಿಮಿತ್ತ ಆರು ವರ್ಷ ಜಪಾನಿನಲ್ಲಿದ್ದು ಮರಳಿದ ಕುಟುಂಬವದು. ಹುಡುಗನಿಗೆ ಈಗ ಹನ್ನೆರಡು. ಕನ್ನಡ ಚೆನ್ನಾಗಿಯೇ ಆಡುತ್ತಾನೆ, ಓದುವಾಗ ಮಾತ್ರ ಒತ್ತಕ್ಷರಗಳ ಬಳಿ ಎಡವುತ್ತಾನೆ. ಜಪಾನೀ ಅಕ್ಷರಗಳನ್ನು ನೀರು ಕುಡಿದಂತೆ ಓದುತ್ತಾನೆ. ಅವನ ಚೀಲದಲ್ಲಿ ಪುಸ್ತಕದಂತೆ ಮಡಚಿ ತೆರೆಯುವ, ಎರಡು ಪರದೆಗಳುಳ್ಳ ಆಟದ ಯಂತ್ರವೊಂದಿತ್ತು. ನಿಂಟೆಂಡೊ ಕಂಪನಿಯ ಡಿ.ಎಸ್. ಎಂಬ ಈ ಯಂತ್ರ 2004ರಲ್ಲಿ ಬಂದದ್ದು, ಈಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆಯಂತೆ. ಗುಂಡು ಹಾರಿಸುವ, ಕಾರು ಗುದ್ದಿಸುವ ಆಟವೇ ಇರಬೇಕೆಂದು ನಾನು ಮುಖ ಗಂಟಿಕ್ಕಿಕೊಂಡೇ ಇಣುಕಿದೆ. ಮೂವತ್ತು ವರ್ಷಕ್ಕೂ ಮೀರಿ ಮಕ್ಕಳಿಂದ ಗೋಲಿ, ಬುಗುರಿ, ಆಮೇಲೆ ಮೊಬೈಲುಗಳನ್ನು ಕಸಿದುಕೊಂಡು ಮೇಜಿನ ಖಾನೆಯಲ್ಲಿ ತುಂಬಿಸಿಟ್ಟವನು ನಾನು. ಅಭ್ಯಾಸಬಲ ಬಿಡುವುದಿಲ್ಲ.

ಆದರೆ ಪರದೆಯ ಮೇಲೆ ಕಂಡದ್ದು ಬೇರೆ. ಹೆಬ್ಬೆರಳಿನಷ್ಟು ಕಾಣುವ ಒಂದು ರೋಬೊ ಯಾರದೋ ಮನೆಯ ನೆಲವನ್ನು ಶುಚಿ ಮಾಡುತ್ತಿತ್ತು.

"ಇದೇನು ಮಗು, ಕಸ ಗುಡಿಸುವುದೂ ಒಂದು ಆಟವೇ?" ಎಂದೆ.

"ಹೂಂ ತಾತ, ಇದೇ ಆಟ," ಎಂದ, ತಲೆ ಎತ್ತದೆ.

ಅದೇ ವಾರ ನಮ್ಮ ಮನೆಯಲ್ಲಿ ಕಸ ಗುಡಿಸುವುದೊಂದು ಸಮಸ್ಯೆಯಾಗಿತ್ತು. ನನ್ನ ಶ್ರೀಮತಿಯವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡು, ಹುಣಸೂರಿನಲ್ಲಿ ಕಟ್ಟು ಹಾಕಿಸಿಕೊಂಡು ಬಂದಿದ್ದರು. ಆರು ವಾರ ಕೈ ಅಲುಗಿಸಬಾರದೆಂದು ವೈದ್ಯರ ಅಪ್ಪಣೆ. ಅಡುಗೆಗೆ ಪಕ್ಕದ ಮನೆಯವರು, ಬಳಿಕ ಮಗಳು ಒದಗಿದರು. ಪೊರಕೆ ಮಾತ್ರ ಬಾಗಿಲ ಹಿಂದೆ ಒರಗಿಕೊಂಡು ನನ್ನನ್ನೇ ನೋಡುತ್ತಿತ್ತು. ಓದುಗರು ನಗಬಾರದು. ಅರವತ್ತು ದಾಟಿದ, ಬಿ.ಎಡ್. ಮಾಡಿದ, ಗಣಿತವನ್ನು ಮೂರು ತಲೆಮಾರಿನ ಮಕ್ಕಳಿಗೆ ಕಲಿಸಿದ ನಾನು ನನ್ನ ಮನೆಯ ಹಜಾರವನ್ನು ಒಮ್ಮೆಯೂ ಪೂರ್ತಿಯಾಗಿ ಗುಡಿಸಿದವನಲ್ಲ. ಬೆಳಿಗ್ಗೆ ಪತ್ರಿಕೆ ಓದುತ್ತ ಕುಳಿತಿರುವಾಗ ಅವರು ಗುಡಿಸುತ್ತ ಬಂದು "ಕಾಲು ಎತ್ತೀಂದ್ರೆ" ಎನ್ನುತ್ತಿದ್ದರು, ನಾನು ಎತ್ತುತ್ತಿದ್ದೆ. ಸುಮಾರು ನಲವತ್ತು ವರ್ಷಗಳ ದಾಂಪತ್ಯದಲ್ಲಿ ಮನೆಯ ಶುಚಿತ್ವಕ್ಕೆ ನಾನು ಸಲ್ಲಿಸಿದ ಸೇವೆಯೆಂದರೆ ಕಾಲು ಎತ್ತಿದ್ದು.

ಆಟದ ಕಥೆಯನ್ನು ಮೊಮ್ಮಗನಿಂದ ಕೇಳಿ ತಿಳಿದುಕೊಂಡೆ. ರೋಬೊವಿನ ಹೆಸರು ಚಿಬಿ-ರೋಬೊ. ಜಪಾನೀ ಭಾಷೆಯಲ್ಲಿ ಚಿಬಿ ಎಂದರೆ ಪುಟಾಣಿ. ಅದರ ಎತ್ತರ ಹತ್ತು ಸೆಂಟಿಮೀಟರು, ನಮ್ಮ ಲೆಕ್ಕದಲ್ಲಿ ಅರ್ಧ ಗೇಣು. ಸ್ಕಿಪ್ ಎಂಬ ಸಂಸ್ಥೆ ರೂಪಿಸಿ ನಿಂಟೆಂಡೊ ಹೊರತಂದ ಮೊದಲ ಆಟ 2005ರದು, ಟೆಲಿವಿಷನ್ನಿಗೆ ಜೋಡಿಸಿ ಆಡುವಂಥದು. ಅದರಲ್ಲಿ ಸ್ಯಾಂಡರ್ಸನ್ ಎಂಬ ಒಂದು ಕುಟುಂಬ. ಅಪ್ಪನಿಗೆ ಉದ್ಯೋಗವಿಲ್ಲ, ಆದರೂ ಆಟಿಕೆಗಳ ಮೇಲೆ ಹಣ ಸುರಿಯುವ ಚಟ. ಮಗಳು ಜೆನ್ನಿಯ ಹುಟ್ಟುಹಬ್ಬಕ್ಕೆಂದು ಈ ರೋಬೊವನ್ನು ಅವನೇ ಕೊಂಡು ತರುತ್ತಾನೆ. ಸಂಸಾರ ತೂಗಿಸಿ ಬೇಸತ್ತ ತಾಯಿಗೆ ಇದನ್ನು ಕಂಡು ಸಿಟ್ಟು. ಗಂಡನಿಗೆ ಸೋಫಾದ ಮೇಲೆ ಮಲಗುವ ಶಿಕ್ಷೆ. ಮುಂದೆ ಆಕೆ ಕೋಣೆಯ ಬಾಗಿಲು ಹಾಕಿಕೊಂಡು ವಿಚ್ಛೇದನದ ಮಾತನ್ನೇ ಎತ್ತುತ್ತಾಳೆ. ಎಂಟು ವರ್ಷದ ಜೆನ್ನಿ ಕಪ್ಪೆಯ ವೇಷ ಹಾಕಿಕೊಂಡು ಕಪ್ಪೆಯಂತೆಯೇ ವಟಗುಟ್ಟುತ್ತಾಳೆ, ಮನುಷ್ಯರ ಮಾತನ್ನು ಆಡುವುದಿಲ್ಲ. ಈ ಮೂವರ ಕಾಲ ಬುಡದಲ್ಲಿ ಅರ್ಧ ಗೇಣಿನ ರೋಬೊ ಹಲ್ಲುಜ್ಜುವ ಬ್ರಷ್ಷಿನಿಂದ ನೆಲದ ಕಲೆಗಳನ್ನು ತಿಕ್ಕುತ್ತ, ಕಸವನ್ನು ಹೆಕ್ಕಿ ಬುಟ್ಟಿಗೆ ಹಾಕುತ್ತ ಓಡಾಡುತ್ತದೆ. ಮನೆಯವರು ಹಿಗ್ಗಿದಷ್ಟೂ ಅದಕ್ಕೆ ಸಂತೋಷದ ಅಂಕಗಳು ದೊರೆಯುತ್ತವೆ.

ಮಕ್ಕಳ ಆಟದೊಳಗೆ ಸಂಸಾರದ ಇಷ್ಟೊಂದು ನಿಜವನ್ನು ಇಟ್ಟವರು ಯಾರೋ ತಿಳಿದವರೇ ಇರಬೇಕು.

ಮೊಮ್ಮಗನ ಕೈಯಲ್ಲಿದ್ದದ್ದು 2009ರಲ್ಲಿ ಜಪಾನಿನಲ್ಲಿ ಮಾತ್ರ ಬಿಡುಗಡೆಯಾದ ಕೈಯಂತ್ರದ ಆವೃತ್ತಿ, "ಒಕಾಎರಿ! ಚಿಬಿ-ರೋಬೊ! ಹ್ಯಾಪಿ ರಿಚ್ಚಿ ಓಸೋಜಿ!" ಎಂದು ಅದರ ಉದ್ದನೆಯ ಹೆಸರು. ಹೊರಗಿನಿಂದ ಮನೆಗೆ ಬಂದವರನ್ನು ಮನೆಯವರು ಎದುರುಗೊಳ್ಳುವ ಮಾತು ಒಕಾಎರಿ. ಓಸೋಜಿ ಎಂದರೆ ಮಹಾ ಸ್ವಚ್ಛತೆ. ಹೊಸ ವರ್ಷಕ್ಕೆ ಮುನ್ನ ಜಪಾನಿನಲ್ಲಿ ಮನೆಮಂದಿಯೆಲ್ಲ ಸೇರಿ ಮೂಲೆಮೂಲೆಯನ್ನೂ ಶುಚಿಗೊಳಿಸುವ ಸಂಪ್ರದಾಯಕ್ಕೆ ಆ ಹೆಸರಂತೆ. ಯುಗಾದಿಗೆ, ಆಯುಧಪೂಜೆಗೆ ನಮ್ಮವರು ಧೂಳು ಹೊಡೆದು, ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ, ಹಾಸಿಗೆಗಳನ್ನು ಬಿಸಿಲಿಗೆ ಹಾಕುವುದಿಲ್ಲವೇ, ಹಾಗೆ. ಈ ಆಟದಲ್ಲಿ ಜೆನ್ನಿ ಬೆಳೆದು ತಾನೇ ತಾಯಿಯಾಗಿದ್ದಾಳೆ. ಮನೆಯಲ್ಲಿ ಬಡತನ. ರೋಬೊ ಮನೆಯನ್ನು ಶುಚಿ ಮಾಡಿ ಹಣ ಗಳಿಸಿ ಸಂಸಾರವನ್ನು ಎತ್ತಿ ನಿಲ್ಲಿಸಬೇಕು.

ನನ್ನ ಮನಸ್ಸನ್ನು ಹಿಡಿದದ್ದು ಇದಾವುದೂ ಅಲ್ಲ, ರೋಬೊವಿನ ಬಾಲ. ಅದಕ್ಕೆ ಬಾಲದಂತೆ ಒಂದು ತಂತಿ, ತುದಿಯಲ್ಲಿ ಪ್ಲಗ್ಗು. ನಡೆದರೂ, ಹತ್ತಿದರೂ, ತಿಕ್ಕಿದರೂ ಅದರ ವಿದ್ಯುತ್ತು ವ್ಯಯವಾಗುತ್ತದೆ, ಎಷ್ಟು ಉಳಿದಿದೆ ಎಂಬುದನ್ನು ಪರದೆಯ ಮೇಲೆ ಅಂಕಿಯೊಂದು ತೋರಿಸುತ್ತಲೇ ಇರುತ್ತದೆ. ಅದು ಮುಗಿಯುವ ಮೊದಲು ಗೋಡೆಯ ಸಾಕೆಟ್ಟಿಗೆ ಬಾಲ ಚುಚ್ಚಿಕೊಂಡು ವಿರಮಿಸದಿದ್ದರೆ ಮುಗ್ಗರಿಸಿ ಬೀಳುತ್ತದೆ. ಮೊಮ್ಮಗ ಆಡುವಾಗ ಒಂದು ಕಣ್ಣು ಕಸದ ಮೇಲಾದರೆ ಇನ್ನೊಂದು ಆ ಅಂಕಿಯ ಮೇಲೆ. "ಸಾಕು, ಸಾಕು, ಪಾಪ ಸುಸ್ತಾಯ್ತು ಇದಕ್ಕೆ," ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ಗೋಡೆಯ ಕಡೆಗೆ ಓಡಿಸುತ್ತಿದ್ದ. (ನಮ್ಮೂರಿನ ವಿದ್ಯುತ್ತಿನ ಕೃಪೆಯಿಂದ, ಆಟದೊಳಗಿನ ರೋಬೊ ಪೂರ್ಣ ಶಕ್ತಿಯಿಂದ ಕಂಗೊಳಿಸುತ್ತಿದ್ದಾಗಲೇ ಕೈಯಲ್ಲಿದ್ದ ಯಂತ್ರ ಚಾರ್ಜಿಲ್ಲದೆ ಕಣ್ಣು ಮುಚ್ಚಿದ್ದೂ ಉಂಟು.)

ಆ ಅಂಕಿಯನ್ನು ನೋಡುತ್ತ ನನಗೆ ನನ್ನ ತಾಯಿಯ ನೆನಪಾಯಿತು. ಅರವತ್ತರ ದಶಕದ ನಮ್ಮ ಮನೆಯದು ಮಣ್ಣಿನ ನೆಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೊಟ್ಟಿಗೆಯ ಸಗಣಿ ಎತ್ತಿ ತಿಪ್ಪೆಗೆ ಹಾಕುವುದು, ಅಂಗಳ ಗುಡಿಸಿ ಸಗಣಿ ನೀರು ಚೆಲ್ಲಿ ರಂಗೋಲಿ ಇಡುವುದು, ಎರಡು ದಿನಕ್ಕೊಮ್ಮೆ ಒಳಗಿನ ನೆಲವನ್ನೆಲ್ಲ ಕುಕ್ಕರಗಾಲಲ್ಲಿ ಕುಳಿತು ಸಾರಿಸುವುದು. ಸಾರಿಸುವಾಗ ಅಂಗೈಯಿಂದ ಅವರು ಎಳೆಯುತ್ತಿದ್ದ ಅರ್ಧಚಂದ್ರದ ಗೆರೆಗಳು ಒಣಗಿದ ಮೇಲೂ ನೆಲದಲ್ಲಿ ಸಾಲುಸಾಲಾಗಿ ಕಾಣುತ್ತಿದ್ದವು. ಹೊಗೆಸೊಪ್ಪಿನ ಸುಗ್ಗಿ ಬಂತೆಂದರೆ ಬ್ಯಾರನ್ನಿನ ಸೌದೆಯ ಬೂದಿ, ಎಲೆ ಕಟ್ಟುವವರ ಕಾಲಿನ ಮಣ್ಣು, ಎಲ್ಲವೂ ಮನೆಯೊಳಗೆ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಸೆರಗನ್ನು ಮಡಿಸಿ ತಲೆಗೆ ಕೊಟ್ಟುಕೊಂಡು ಬರಿಯ ನೆಲದ ಮೇಲೆ ಹದಿನೈದು ನಿಮಿಷ ಮಲಗುತ್ತಿದ್ದರು. ಅವರ ಪ್ಲಗ್ಗು ಅದು. ಆ ಹದಿನೈದು ನಿಮಿಷದಲ್ಲಿಯೂ "ಅವ್ವಾ, ಹಸಿವು" ಎಂದು ಹೋಗಿ ಎಬ್ಬಿಸಿದವನು ನಾನೇ. ಅವರ ತಲೆಯ ಮೇಲೆ ಅಂಕಿಯೊಂದು ಕಾಣುವಂತಿದ್ದಿದ್ದರೆ ಎಬ್ಬಿಸುತ್ತಿದ್ದೆನೋ ಇಲ್ಲವೋ.

ಇಂಥ ಆಟಗಳು ಮಕ್ಕಳನ್ನು ಕೆಡಿಸುತ್ತವೆ ಎಂದು ಸಾರಾಸಗಟಾಗಿ ಹೇಳುವ ನಿವೃತ್ತರ ಗುಂಪಿಗೆ ಸೇರಿದವನಾಗಿದ್ದ ನಾನು ಈಗ ಸ್ವಲ್ಪ ಪಕ್ಷಾಂತರ ಮಾಡಿದ್ದೇನೆ. ಚಾಕರಿ ಮಾಡುವವರಿಗೆ ಸುಸ್ತಾಗುತ್ತದೆ ಎಂಬ ಸಂಗತಿಯನ್ನು ಹನ್ನೆರಡರ ಹುಡುಗನೊಬ್ಬ ಆಟದಲ್ಲಿ ಕಲಿಯುವುದಾದರೆ, ನಮ್ಮ ನೀತಿಪಾಠಗಳು ಮಾಡದಿದ್ದುದನ್ನು ಅದು ಮಾಡಿತೆಂದೇ ಹೇಳಬೇಕು. ಆದರೂ ನನ್ನ ಮೆಚ್ಚುಗೆ ಪೂರ್ತಿಯಲ್ಲ. ನಾನು ನೋಡಿದಷ್ಟರಲ್ಲಿ ಆ ಮನೆಯ ಜನ ರೋಬೊವಿಗೆ ಅಂಕ ಕೊಡುತ್ತಾರೆ, ಹೊಗಳುತ್ತಾರೆ, ತಾವು ಮಾತ್ರ ಬಗ್ಗಿ ಒಂದು ಕಾಗದದ ಚೂರನ್ನೂ ಎತ್ತುವುದಿಲ್ಲ. ಕೂತವರು ಕೂತೇ ಇರುತ್ತಾರೆ, ಚಿಕ್ಕದೊಂದು ಜೀವ ಓಡಾಡುತ್ತದೆ. ಮೊಮ್ಮಗನೂ ಪರದೆಯ ಮೇಲೆ ಮೂರು ಕೋಣೆ ಶುಚಿ ಮಾಡಿ, ತಾನು ತಿಂದ ಮಾವಿನ ವಾಟೆಯನ್ನು ಜಗಲಿಯ ಮೇಲೆಯೇ ಬಿಟ್ಟು ಹೋದ.

ರೋಬೊ ಎಂಬ ಶಬ್ದದ ಹುಟ್ಟನ್ನೇ ನೋಡಿ. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ "ಆರ್.ಯು.ಆರ್." ನಾಟಕದಿಂದ ಅದು ಜಗತ್ತಿಗೆ ಹಬ್ಬಿತು. ಶಬ್ದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಮೂಲದಲ್ಲಿರುವ 'ರೊಬೊತ' ಎಂದರೆ ರೈತ ಒಡೆಯನಿಗೆ ಕಡ್ಡಾಯವಾಗಿ ಮಾಡಿಕೊಡಬೇಕಾಗಿದ್ದ ಕೂಲಿಯಿಲ್ಲದ ಕೆಲಸ. ನಮ್ಮ ಸೀಮೆಯಲ್ಲಿ ಅದಕ್ಕೆ ಅಚ್ಚ ಹೆಸರೇ ಇದೆ, ಬಿಟ್ಟಿ ಚಾಕರಿ. ಹಾಗಾಗಿ ಪ್ರತಿ ಮನೆಯಲ್ಲೂ ಒಂದು ರೋಬೊ ಬರುವ ಕಾಲ ಸಮೀಪಿಸಿತು ಎಂದು ಪತ್ರಿಕೆಗಳು ಬರೆಯುವಾಗ ನನಗೆ ಅನ್ನಿಸುವುದುಂಟು: ನಮ್ಮ ಮನೆಗಳಲ್ಲಿ ಅದು ಇಲ್ಲದಿದ್ದ ಕಾಲ ಯಾವುದು? ನೆಲ ಗುಡಿಸುವ ದುಂಡನೆಯ ಯಂತ್ರ 'ರೂಂಬಾ' ಅಮೆರಿಕದ ಮಾರುಕಟ್ಟೆಗೆ ಬಂದದ್ದು 2002ರಲ್ಲಿ. ಮಗಳ ಬೆಂಗಳೂರಿನ ಮನೆಯಲ್ಲಿಯೂ ಅದೇ ಜಾತಿಯದೊಂದು ಈಗ ತಟ್ಟೆಯಂತೆ ಹರಿದಾಡುತ್ತದೆ. ಹೊಸಿಲು ದಾಟಲಾರದು, ಮಂಚದ ಕಾಲಿಗೆ ಸಿಕ್ಕಿಕೊಂಡು ಗೊಣಗುತ್ತದೆ. ಪಾತ್ರೆಗೆ, ಬಟ್ಟೆಗೆ, ಬಚ್ಚಲಿಗೆ ಒಬ್ಬ ಹೆಣ್ಣುಮಗಳು ಎರಡು ಬಸ್ಸು ಹಿಡಿದು ದಿನವೂ ಬರುವುದು ತಪ್ಪಿಲ್ಲ. ಯಂತ್ರ ಬಂದ ಮೇಲೆ ಆಕೆಯ ಸಂಬಳ ಕಡಿಮೆ ಮಾಡಬಹುದೇ ಎಂಬ ಚರ್ಚೆ ಆ ಕಟ್ಟಡದ ಕೆಲವು ಮನೆಗಳಲ್ಲಿ ನಡೆದದ್ದನ್ನು ಮಗಳೇ ಹೇಳಿದಳು.

ಇಲ್ಲಿಯವರೆಗೆ ಬರೆದದ್ದು ಸುಲಭದ ಮಾತು. ಹೇಳಲೇಬೇಕಾದ ಇನ್ನೊಂದಿದೆ.

ಮೊಮ್ಮಗ ತನ್ನ ಜಪಾನಿನ ಶಾಲೆಯ ಬಗ್ಗೆ ಹೇಳುತ್ತಿದ್ದ. ಅಲ್ಲಿ ಪಾಠ ಮುಗಿದ ಮೇಲೋ ಊಟದ ನಂತರವೋ ಮಕ್ಕಳೆಲ್ಲ ತಲೆಗೆ ಬಟ್ಟೆ ಕಟ್ಟಿಕೊಂಡು ತರಗತಿ, ಮೊಗಸಾಲೆಗಳನ್ನು ಗುಡಿಸಿ ಒರೆಸುತ್ತಾರೆ. ಸರದಿಯ ಪ್ರಕಾರ ಗುಂಪುಗಳು ಬದಲಾಗುತ್ತವೆ. "ಎಲ್ಲರೂ ಮಾಡ್ತೀವಿ ತಾತ. ಟಾಯ್ಲೆಟ್ಟೂ ನಮ್ಮ ಗುಂಪಿಗೆ ಬಂದಿತ್ತು. ನಿಮ್ಮ ಸ್ಕೂಲಲ್ಲಿ?"

ನಮ್ಮ ಶಾಲೆಯಲ್ಲೂ ಇತ್ತು ಎಂದೆ. ಸುಳ್ಳಲ್ಲ. ಬಿ.ಎಡ್. ಓದುವಾಗ 1937ರ ವಾರ್ಧಾ ಸಮ್ಮೇಳನ, ಗಾಂಧೀಜಿಯವರ ಮೂಲಶಿಕ್ಷಣ, ಶ್ರಮದ ಘನತೆ, ಎಲ್ಲವನ್ನೂ ಬಾಯಿಪಾಠ ಮಾಡಿ ಬರೆದವನು ನಾನು. ಅಕ್ಟೋಬರ್ 2ರಂದು ಶ್ರಮದಾನ ಮಾಡಿಸಿ ಭಾಷಣವನ್ನೂ ಮಾಡುತ್ತಿದ್ದೆ. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ತಾವೇ ಪೊರಕೆ ಕೇಳಿ ಪಡೆದು ಶೌಚಾಲಯ ಶುಚಿ ಮಾಡಿದ್ದನ್ನು ಪ್ರತಿ ವರ್ಷವೂ ಹೇಳುತ್ತಿದ್ದೆ. ದಕ್ಷಿಣ ಆಫ್ರಿಕದಲ್ಲಿ ಮನೆಯಲ್ಲಿ ಉಳಿದಿದ್ದ ಗುಮಾಸ್ತರೊಬ್ಬರ ಮಲಮೂತ್ರದ ಪಾತ್ರೆಯನ್ನು ಕಸ್ತೂರಬಾ ಅಳುತ್ತ ಹೊತ್ತದ್ದು, ನಗುಮುಖದಿಂದ ಹೊರಬೇಕೆಂದು ಗಂಡ ಗದರಿ ಬಾಗಿಲ ತನಕ ಎಳೆದೊಯ್ದದ್ದು ಕೂಡ ಅದೇ ಆತ್ಮಕಥೆಯಲ್ಲಿದೆ. ಅದನ್ನು ಒಂದು ವರ್ಷವೂ ಹೇಳಲಿಲ್ಲ.

ಇನ್ನು ನಮ್ಮ ಸರದಿಯ ಪಟ್ಟಿ ಹೇಗಿತ್ತು? ತರಗತಿ ಗುಡಿಸುವುದು ಹೆಣ್ಣುಮಕ್ಕಳು. ತೋಟಕ್ಕೆ ನೀರು ಹೊರುವುದು ಗಂಡುಮಕ್ಕಳು. ಶೌಚದ ಕಡೆಗೆ ಬಕೆಟ್ಟಿನಲ್ಲಿ ನೀರು ಹೊಯ್ದು ತೊಳೆಯುವ ಹುಡುಗರ ಹೆಸರು ಪಟ್ಟಿಯಲ್ಲಿ ಇರುತ್ತಲೇ ಇರಲಿಲ್ಲ. ಯಾರು ಹೋಗಬೇಕೆಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿರುತ್ತಿತ್ತು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾವ ಕೇರಿಯ ಮಕ್ಕಳು ಅವರು ಎಂಬುದನ್ನು ಬಿಡಿಸಿ ಬರೆಯಬೇಕಾದ ಅಗತ್ಯವಿಲ್ಲ.

ಈ ಹುಣಸೂರು ತಾಲ್ಲೂಕಿನಲ್ಲಿ ಕುಳಿತು ಇದನ್ನು ಬರೆಯುವಾಗ ನಾಚಿಕೆ ಇಮ್ಮಡಿಯಾಗುತ್ತದೆ. ಕಲ್ಲಹಳ್ಳಿಯ ದೇವರಾಜ ಅರಸರು ನಮ್ಮ ಕ್ಷೇತ್ರವನ್ನು ಪ್ರತಿನಿಧಿಸಿದವರು, 1972ರಲ್ಲಿ ಮುಖ್ಯಮಂತ್ರಿಯಾದವರು. ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಮತ್ತಷ್ಟು ಬಿಗಿಯಾಗಿ 2013ರಲ್ಲಿ. ಅಂದರೆ ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗಲೇ ಈ ರಾಜ್ಯದ ಸರ್ಕಾರಕ್ಕೆ ಹೊಳೆದಿದ್ದ ವಿಷಯ, ನಾನು ಮೇಷ್ಟರಾಗಿ ಎಷ್ಟೋ ವರ್ಷ ಕಳೆದರೂ ನನ್ನ ಪಟ್ಟಿಗೆ ಹೊಳೆದಿರಲಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸುದ್ದಿ ಬಂದು, ಸಂಬಂಧಪಟ್ಟವರು ಅಮಾನತಾದಾಗ ನಮ್ಮ ನಿವೃತ್ತರ ಕಟ್ಟೆಯಲ್ಲಿ ಎಲ್ಲರೂ ಛೀಮಾರಿ ಹಾಕಿದರು. ನಾನೂ ಹಾಕಿದೆ. ಮನೆಗೆ ಬಂದ ಮೇಲೆ ಊಟ ರುಚಿಸಲಿಲ್ಲ.

ಇನ್ನೊಬ್ಬಳ ಮಾತು ಹೇಳಿಬಿಡುತ್ತೇನೆ. ಕಾಡಂಚಿನ ಹಾಡಿಯಿಂದ ಜೇನುಕುರುಬರ ಹುಡುಗಿಯೊಬ್ಬಳು ಎಂಟನೆಯ ತರಗತಿಗೆ ಸೇರಿದ್ದಳು. ಎಲ್ಲರಿಗಿಂತ ಮೊದಲೇ ಬಂದು, ಕಡ್ಡಿಪೊರಕೆ ಹಿಡಿದು ಆವರಣವನ್ನೆಲ್ಲ ಗುಡಿಸುತ್ತಿದ್ದಳು. ಹೊಂಗೆಯ ಎಲೆ ಉದುರುವ ಕಾಲದಲ್ಲಂತೂ ಗುಡಿಸಿದಷ್ಟೂ ಮುಗಿಯದು. ಸಿಬ್ಬಂದಿ ಕೋಣೆಯಲ್ಲಿ ನಾವು ಅವಳನ್ನು ಹೊಗಳುತ್ತಿದ್ದೆವು, "ಎಂಥ ಚೊಕ್ಕಟದ ಹುಡುಗಿ!" ನಾನೊಮ್ಮೆ ಪ್ರಾರ್ಥನೆಯ ಸಮಯದಲ್ಲಿ ಚಪ್ಪಾಳೆ ತಟ್ಟಿಸಿದ್ದೂ ಉಂಟು. ಆಟದ ಭಾಷೆಯಲ್ಲಿ ಹೇಳುವುದಾದರೆ ಸಂತೋಷದ ಅಂಕ. ಒಂಬತ್ತನೆಯ ತರಗತಿಯ ನಡುವೆ ಅವಳು ಬರುವುದು ನಿಂತಿತು. ಹಾಡಿಯ ಮಕ್ಕಳು ಬಿಡುವುದು ಹೊಸತೇನಲ್ಲ, ಕೊಡಗಿನ ಕಾಫಿ ತೋಟದ ಕೂಲಿಗೆ ಹೋಗಿರಬೇಕು ಎಂದುಕೊಂಡು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದೆವು.

ಹಲವು ವರ್ಷಗಳ ನಂತರ ದಸರೆಯ ಗಜಪಯಣದ ದಿನ ಅವಳನ್ನು ಕಂಡೆ. ಮೈಸೂರಿಗೆ ಹೊರಡುವ ಆನೆಗಳಿಗೆ ನಮ್ಮೂರಿನಲ್ಲಿ ಪೂಜೆ ಸಲ್ಲಿಸಿ ಬೀಳ್ಕೊಡುವ ವೈಭವವನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಮಂತ್ರಿಗಳು ಹೂ ಎರಚುವುದು, ಪೂರ್ಣಕುಂಭ, ವಾದ್ಯ, ಕ್ಯಾಮೆರಾಗಳು. ಎಲ್ಲರೂ ಹೋದ ಮೇಲೆ ಉಳಿಯುವ ಊಟದ ತಟ್ಟೆ, ನೀರಿನ ಬಾಟಲಿ, ತುಳಿದ ಹೂವುಗಳನ್ನು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ. ಅವುಗಳನ್ನು ಗುಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು ನನ್ನನ್ನು ನೋಡಿ ನಕ್ಕು, "ಚೆನ್ನಾಗಿದ್ದೀರಾ ಸಾ?" ಎಂದಳು. ಗುರುತು ಹತ್ತಲು ಹೊತ್ತು ಹಿಡಿಯಿತು. ಮಾತಿನ ನಡುವೆ, ಶಾಲೆ ಯಾಕಮ್ಮ ಬಿಟ್ಟೆ ಎಂದು ಕೇಳಿದೆ. ಸಿಟ್ಟೇನೂ ಇಲ್ಲದ ದನಿಯಲ್ಲಿ ಹೇಳಿದಳು:

"ಲೆಕ್ಕ ಬರ್ನಿಲ್ಲ ಸಾ ನಂಗೆ. ಗುಡ್ಸಿ ಕೈ ತೊಳ್ಕೊಂಡು ಬರೋವೊತ್ಗೆ ಮೊದಲನೆ ಪೀರೇಡು ಆಗೋಗದು."

ಮೊದಲನೆಯ ಪೀರಿಯಡ್ಡು ಗಣಿತ. ನನ್ನದೇ. ತಡವಾಗಿ ಬಂದು ಬಾಗಿಲ ಬಳಿಯ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು, ನಾನು ಬೀಜಗಣಿತವನ್ನು ಹಲಗೆಯ ಅರ್ಧದಿಂದ ಮುಂದುವರಿಸುತ್ತಿದ್ದೆ. ಏಕೆ ತಡ ಎಂದು ಕೇಳುತ್ತಿರಲಿಲ್ಲ. ಏಕೆಂದು ಗೊತ್ತಿತ್ತಲ್ಲ.

ಶಾಲೆಗಳಲ್ಲಿ ಮಕ್ಕಳಿಂದ ಶುಚಿ ಕೆಲಸ ಮಾಡಿಸಲೇಬಾರದು ಎಂದು ಈಗ ಹಲವು ಪೋಷಕರು ಹೇಳುತ್ತಾರೆ. ಜಪಾನನ್ನು ನೋಡಿ ಕಲಿಯಿರಿ ಎಂದು ಮತ್ತೆ ಕೆಲವರು ಅದರ ವಿಡಿಯೋಗಳನ್ನು ಹಂಚುತ್ತಾರೆ. ನನ್ನ ಅಭಿಪ್ರಾಯ ಎರಡರ ನಡುವೆಯೂ ಇಲ್ಲ, ಬೇರೆ ಕಡೆ ಇದೆ. ತಾನು ಕುಳಿತ ಜಾಗವನ್ನು ತಾನೇ ಗುಡಿಸುವುದು ಒಳ್ಳೆಯ ಶಿಕ್ಷಣವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹುಟ್ಟನ್ನು ನೋಡಿ ಪೊರಕೆ ಹಂಚುವ ಊರಿನಲ್ಲಿ ಆ ಶಿಕ್ಷಣವನ್ನು ಕೊಡಲು ಮೊದಲು ಪಟ್ಟಿ ಬರೆಯುವವನ ಕೈ ಶುಚಿಯಾಗಿರಬೇಕು. ಮುಖ್ಯೋಪಾಧ್ಯಾಯರು, ಎಸ್.ಡಿ.ಎಂ.ಸಿ. ಅಧ್ಯಕ್ಷರ ಮಗ, ಮೇಷ್ಟರ ಮಗಳು, ಹಾಡಿಯ ಹುಡುಗಿ, ಎಲ್ಲರ ಹೆಸರೂ ಒಂದೇ ಸರದಿಯಲ್ಲಿ ಬರುವಂತಿದ್ದರೆ, ಮತ್ತು ಪಾಠದ ಒಂದು ನಿಮಿಷವೂ ಅದಕ್ಕೆ ಹೋಗದಂತಿದ್ದರೆ, ಮಾಡಿಸಲಿ. ಹಾಗಿಲ್ಲದ ಕಡೆ ನಿಷೇಧವೇ ಇರಲಿ. ಶೌಚಾಲಯಕ್ಕೆ ಸಂಬಳ ಕೊಟ್ಟು ಆಳನ್ನಿಡಲು ಸರ್ಕಾರ ಹಣ ಕೊಡಲಿ. ಮಲಗುಂಡಿಯ ಕೆಲಸಕ್ಕಂತೂ ಯಂತ್ರವೇ ಬರಬೇಕು. ಕೇರಳದ ತರುಣರು 2018ರ ಹೊತ್ತಿಗೇ ಮ್ಯಾನ್‌ಹೋಲ್ ಶುಚಿ ಮಾಡುವ 'ಬ್ಯಾಂಡಿಕೂಟ್' ಎಂಬ ರೋಬೊವನ್ನು ತಯಾರಿಸಿ ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಸಿದ್ದಾರೆ. ರೋಬೊ ಬೇಕಾದ ಜಾಗ ಅದು. ನನ್ನ ಹಜಾರಕ್ಕೆ ಅದರ ಅವಶ್ಯಕತೆಯಿಲ್ಲ, ನನಗಿನ್ನೂ ಸೊಂಟ ಬಗ್ಗುತ್ತದೆ.

ಬಗ್ಗುತ್ತದೆ ಎಂಬುದನ್ನು ಆ ಆರು ವಾರಗಳಲ್ಲಿ ಪರೀಕ್ಷಿಸಿ ನೋಡಿದೆ. ಮೊದಲ ದಿನ ಬಾಗಿಲ ಕಡೆಯಿಂದ ಒಳಕ್ಕೆ ಗುಡಿಸಿಕೊಂಡು ಹೋಗಿ ಕಸವನ್ನೆಲ್ಲ ದೇವರ ಗೂಡಿನ ಕೆಳಗೆ ಕೂಡಿಹಾಕಿ ಬೈಸಿಕೊಂಡೆ. ಹುಲ್ಲುಪೊರಕೆಯನ್ನು ಒತ್ತಿ ಹಿಡಿದರೆ ಧೂಳು ಏಳುತ್ತದೆ, ಓರೆಯಾಗಿ ಹಗುರಾಗಿ ಎಳೆದರೆ ಕೂಡುತ್ತದೆ ಎಂಬುದು ನಾಲ್ಕನೆಯ ದಿನ ತಿಳಿಯಿತು. ಮೊರಕ್ಕೆ ಎತ್ತುವಾಗ ಕೊನೆಗೆ ಉಳಿಯುವ ತೆಳುವಾದ ಧೂಳಿನ ಗೆರೆ ಎಷ್ಟು ಸಲ ಎಳೆದರೂ ಉಳಿದೇ ಉಳಿಯುತ್ತದೆ. ಗಣಿತದ ಮೇಷ್ಟರಿಗೆ ಅದು ಪರಿಚಿತವಾದ ಸರಣಿ. ಮೊಮ್ಮಗ ಯಂತ್ರವನ್ನು ಮಡಚಿಟ್ಟು ಬಂದು ಎರಡು ದಿನ ಒರೆಸುವ ಬಟ್ಟೆ ಹಿಡಿದ. ಅವನ ಒರೆಸುವಿಕೆ ನನ್ನದಕ್ಕಿಂತ ಅಚ್ಚುಕಟ್ಟು, ಶಾಲೆಯಲ್ಲಿ ಕಲಿತದ್ದು. ಮಂಚದ ಮೇಲೆ ಕೈ ಕಟ್ಟು ಹಾಕಿಸಿಕೊಂಡು ಕುಳಿತ ಅಜ್ಜಿಯ ಬಳಿ ಬಂದಾಗ ಅವನು "ಅಜ್ಜೀ, ಕಾಲು ಎತ್ತಿ" ಎಂದ. ಅವರು ಎತ್ತಿದರು. ಎತ್ತಿ, ಆ ಮೂಲೆಯಲ್ಲಿ ಇನ್ನೂ ಇದೆ ನೋಡು, ನಿಮ್ಮ ತಾತ ಬಿಟ್ಟದ್ದು ಎಂದು ಬೆರಳು ತೋರಿಸಿದರು.

ಈಗ ಕಟ್ಟು ಬಿಚ್ಚಿ ತಿಂಗಳುಗಳಾಗಿವೆ. ಹಜಾರ, ಜಗಲಿ, ಅಂಗಳ ನನ್ನ ಪಾಲಿಗೆ ಉಳಿದುಕೊಂಡಿವೆ. ಅಡುಗೆಮನೆಯೊಳಗೆ ಪೊರಕೆ ಹಿಡಿದು ಬರಲು ಅವರೇ ಬಿಡುವುದಿಲ್ಲ, ನನ್ನ ಕೆಲಸದ ಮೇಲೆ ಅವರಿಗೆ ಇನ್ನೂ ನಂಬಿಕೆ ಹುಟ್ಟಿಲ್ಲ. ಬಚ್ಚಲುಮನೆಯನ್ನು ಮಾತ್ರ ಈಗಲೂ ಅವರೇ ಉಜ್ಜುತ್ತಾರೆ, ಜಾರಿ ಬಿದ್ದ ಅದೇ ಜಾಗದಲ್ಲಿ ನಿಂತು. ನಾನು ಉಜ್ಜುತ್ತೇನೆ ಎಂದು ಎರಡು ಸಲ ಹೇಳಿದ್ದೇನೆ. ಬೇಡ ಎಂದರು. ಮೂರನೆಯ ಸಲ ಇನ್ನೂ ಹೇಳಿಲ್ಲ.